ಕಾಲು ಚಾಚಿ ಕೂರುವುದನ್ನು ಕಲಿಸಿದ ದ್ವೀಪ

ಶ್ರೀನಿವಾಸಪುರ, ಹೊರಡುವ ಮುನ್ನ

ವಿದೇಶ ಪ್ರವಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಮಾನದಿಂದ ಆರಂಭಿಸುತ್ತಾರೆ. ನನ್ನ ಪ್ರವಾಸ ಆರಂಭವಾದದ್ದು ಶ್ರೀನಿವಾಸಪುರದ ಒಂದು ಕಲ್ಯಾಣ ಮಂಟಪದಲ್ಲಿ, ಜಮಖಾನದ ಮೇಲೆ, ಒಂದು ಮಾತಿನಿಂದ. ಇದು ಕೃತಜ್ಞತೆಯ ಬರಹ. ಆದರೆ ಕೃತಜ್ಞತೆಗೂ ಒಂದು ಕ್ರಮವಿದೆ. ದೂರುಗಳನ್ನು ಮೊದಲು ಮುಗಿಸಿಬಿಡುವುದು ಒಳ್ಳೆಯದು.

ನಾನು ಮುಳಬಾಗಿಲಿನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಊರಿನವರ ಬಾಯಲ್ಲಿ ಪಿ.ಟಿ. ಮಿಸ್. ಮದುವೆಯಾಗಲಿಲ್ಲ. ತಂಗಿ ತೀರಿಕೊಂಡಾಗ ಅವಳ ಹಸುಗೂಸು ಪ್ರಮೀಳಾಳನ್ನು ನಾನೇ ಸಾಕಿದೆ. ಅವಳು ನರ್ಸಿಂಗ್ ಓದಿ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಕಡಲಿನಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ದ್ವೀಪದ ಆಸ್ಪತ್ರೆಯೊಂದಕ್ಕೆ ಸೇರಿದಳು. ಗಂಡ ಮಂಜುನಾಥ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾನೆ. ಅವನ ಊರು ಶ್ರೀನಿವಾಸಪುರ. ಬಸುರಿಯಾದ ಪ್ರಮೀಳಾ ರಜೆಯ ಮೇಲೆ ಬಂದಾಗ ಐದನೆಯ ತಿಂಗಳಲ್ಲೇ ಸೀಮಂತ ಮಾಡಿದೆವು. ತಿಂಗಳು ತುಂಬಿದ ಮೇಲೆ ವಿಮಾನ ಹತ್ತಲು ಬಿಡುವುದಿಲ್ಲವಂತೆ.

ಅದಕ್ಕೂ ಹಿಂದಿನ ವರ್ಷ ದೇವರಾಯಸಮುದ್ರದ ಗೇಟಿನಲ್ಲಿ ನಾನು ಬಸ್ಸಿನಿಂದ ಇಳಿಯುತ್ತಿರುವಾಗಲೇ ಕಂಡಕ್ಟರ್ ಸೀಟಿ ಊದಿದ್ದ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇರುವಾಗ ಸೀಟಿ ಊದಬಾರದೆಂದು ನಾನು ಜೀವಮಾನವೆಲ್ಲ ಸೀಟಿ ಊದಿದವಳಾಗಿ ಹೇಳಬಲ್ಲೆ. ಬಸ್ಸು ಹೊರಟಿತು, ನಾನು ಬಿದ್ದೆ, ಸೊಂಟ ಹೋಯಿತು. ಕೋಲಾರದ ವೈದ್ಯರೊಬ್ಬರು ನನ್ನ ಮುಖ ನೋಡದೆ, ಎಕ್ಸ್-ರೇಯನ್ನೇ ಉದ್ದೇಶಿಸಿ, “ಇನ್ನು ನೆಲದ ಮೇಲೆ ಕೂರೋದು ಮರೆತುಬಿಡಿ” ಎಂದರು. ನಾನು ಮರೆಯಲಿಲ್ಲ. ಅವರನ್ನೂ ಮರೆತಿಲ್ಲ.

ಸೀಮಂತದ ದಿನ ಹೂ ಕಟ್ಟುವವರ ಜೊತೆ ಜಮಖಾನದ ಮೇಲೆ ಕೂತೆ. ಕೂರುವುದೇನೋ ಆಯಿತು, ಏಳಲು ಆಗಲಿಲ್ಲ. ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ಆಗ ನಮ್ಮ ಬೀಗಿತ್ತಿ, ಅಂದರೆ ಮಂಜುನಾಥನ ತಾಯಿ, ಮಂಟಪದವರೆಲ್ಲ ಕೇಳುವಂತೆ ಹೇಳಿದ ಮಾತನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುತ್ತೇನೆ:

“ಏಮಿ ಸರೋಜಮ್ಮ, ನಿಮ್ಮನ್ನ ಎತ್ತೋಕೇ ಇಬ್ರು ಬೇಕಲ್ಲ! ಇನ್ನ ಅಲ್ಲಿಗೆ ಹೋಗಿ ಕೂಸಿಗೆ ನೀರ್ಹಾಕೋರು ಯಾರು? ನಾನೇ ಮೊದ್ಲು ಹೋಗ್ತೀನಿ ಬಿಡಿ.”

ನಮ್ಮ ಕಡೆ ಕೂಸಿಗೆ ನೀರು ಹಾಕುವ ಬಗೆ ಎಲ್ಲರಿಗೂ ಗೊತ್ತಿರುವುದೇ. ಬಚ್ಚಲಿನಲ್ಲಿ ಮಣೆ ಹಾಕಿ ಕೂತು, ಕಾಲುಗಳನ್ನು ಜೋಡಿಸಿ ಮುಂದಕ್ಕೆ ಚಾಚಿ, ಮೊಣಕಾಲಿನಿಂದ ಕೆಳಗೆ ಮಗುವನ್ನು ಮಲಗಿಸಿಕೊಂಡು, ಒರಗಲು ಗೋಡೆಯಿಲ್ಲದೆ ಬೆನ್ನು ನೆಟ್ಟಗೆ ಹಿಡಿದು, ಒಂದು ಕೈ ಮಗುವಿನ ಕತ್ತಿಗೆ, ಒಂದು ಕೈ ಮೈಗೆ. ಪ್ರಮೀಳಾಳಿಗೆ ನಾನು ಹಾಗೆಯೇ ನೀರು ಹಾಕಿದ್ದೆ. ಅವಳ ಕೂಸಿಗೂ ಹಾಕಬೇಕೆಂಬುದೊಂದೇ ನಿವೃತ್ತಿಯ ನಂತರ ನಾನು ನನಗಾಗಿ ಇಟ್ಟುಕೊಂಡಿದ್ದ ಆಸೆ. ಬೀಗಿತ್ತಿಯ ಮಾತಿಗೆ ಉತ್ತರವಾಗಿ ಪಾಸ್‌ಪೋರ್ಟ್ ಮಾಡಿಸಿದೆ.

ಸೇತುವೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲೇ ದ್ವೀಪಕ್ಕೆ ಮರಳಿದ್ದ ಪ್ರಮೀಳಾ ಅಲ್ಲಿಂದಲೇ, ನನ್ನನ್ನು ಕೇಳದೆಯೇ ಗಾಲಿಕುರ್ಚಿ ಏರ್ಪಾಡು ಮಾಡಿಸಿದ್ದಳು. ಅದನ್ನು ತಳ್ಳಲು ಬಂದ ಹುಡುಗಿ ಕೌಂಟರಿನವನಿಗೆ, “ಇವರ ಬ್ಯಾಗಲ್ಲಿ ಏನೋ ಬೇರು ಇದೆ ಸರ್” ಎಂದಳು. ಆತ ನನ್ನ ತಲೆಯ ಮೇಲಿಂದ ಅವಳನ್ನೇ ಕೇಳಿದ: “ಅಜ್ಜಿಗೆ ಮಾತು ಬರುತ್ತಾ?”

“ಬರುತ್ತೆ” ಎಂದೆ. “ಅದು ಬಜೆ. ಮಗೂಗೆ ತೇಯ್ದು ನೆಕ್ಕಿಸೋಕೆ. ನಿಮಗೂ ನೆಕ್ಕಿಸಿದ್ರೆ ನಾಲಿಗೆ ಚೆನ್ನಾಗಿ ತಿರುಗ್ತಿತ್ತು.”

ಬಜೆ ಪಾಸಾಯಿತು. ಹರಳೆಣ್ಣೆಯೂ, ಮಾಸ್ತಿಯ ಸಂತೆಯ ರಾಗಿಯನ್ನು ಬೀಸಿದ ಹಿಟ್ಟೂ ಪಾಸಾದವು. ಕೊನೆಯ ವಿಮಾನ ಎಷ್ಟು ಚಿಕ್ಕದೆಂದರೆ, ನಮ್ಮ ಮಾಲೂರು ಬಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಜನ ಬಾಗಿಲಲ್ಲೇ ನಿಂತಿರುತ್ತಾರೆ.

ಮಂಜುನಾಥ ಕಾರು ತಂದಿದ್ದ. ಸ್ವಲ್ಪ ದೂರ ಹೋದ ಮೇಲೆ ಒಂದು ಪುಟ್ಟ ಕಲ್ಲಿನ ಸೇತುವೆಯ ಬಳಿ ನಿಧಾನಿಸಿ, ಕಿಟಕಿಯಾಚೆ ನೋಡುತ್ತ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ. ಆಚೆ ಯಾರೂ ಇರಲಿಲ್ಲ.

“ಯಾರಿಗಪ್ಪ?” ಎಂದೆ.

“ಕೆಳಗೆ ಯಕ್ಷಿಣಿಯರ ಥರ ಪುಟ್ಟ ಜನ ಇದಾರಂತೆ ಅತ್ತೆ. ಹೇಳದೆ ಹೋದ್ರೆ ಏನಾದ್ರೂ ಎಡವಟ್ಟಾಗುತ್ತಂತೆ. ಇಲ್ಲಿ ಡಾಕ್ಟರುಗಳೂ ಹೇಳ್ತಾರೆ.”

“ನೀನು ನಂಬ್ತೀಯಾ?”

“ನಂಬಲ್ಲ. ಆದ್ರೆ ಗಾಡಿ ಹೊಸದು.”

ಮುಳಬಾಗಿಲಿನ ಆಂಜನೇಯನ ಮುಂದೆ ಲಾರಿಯವರು ಹಾರನ್ ಒತ್ತಿ ಎದೆ ಮುಟ್ಟಿಕೊಳ್ಳುವುದು ನೆನಪಾಯಿತು. ನಾನೂ ಕೈ ಮುಗಿದೆ. ಆ ದ್ವೀಪದವರು ಇಲಿಯನ್ನು ಇಲಿ ಎನ್ನುವುದಿಲ್ಲ, ಉದ್ದ ಬಾಲದ್ದು ಎನ್ನುತ್ತಾರೆ. ನಾವು ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುವಂತೆ. ಇಂಥವರ ಜೊತೆ ಹೊಂದಿಕೊಳ್ಳಬಹುದೆಂದು ಅನ್ನಿಸಿತು.

ಹೊಂದಿಕೊಳ್ಳಲಾಗದ ಸಂಗತಿ ಮನೆಯಲ್ಲಿ ಕಾದಿತ್ತು. ಪ್ರಮೀಳಾಳ ಸ್ನಾನದ ಮನೆಯ ನೆಲಕ್ಕೆ ಕಂಬಳಿಯಂಥ ಹಾಸು ಅಂಟಿಸಿದ್ದರು. ನೀರು ಹೋಗಲು ನೆಲದಲ್ಲಿ ತೂತೇ ಇಲ್ಲ. ಇದ್ದದ್ದು ಬಿಳಿಯ ಟಬ್ಬು ಒಂದೇ, ಅಂಚು ನನ್ನ ಮೊಣಕಾಲಿನ ಮಟ್ಟಕ್ಕಿತ್ತು.

“ನೀರು ಹಾಕೋದು ಎಲ್ಲಿ?” ಎಂದೆ.

“ಪ್ಲಾಸ್ಟಿಕ್ ತೊಟ್ಟಿ ತಂದಿದ್ದೀನಿ ದೊಡ್ಡಮ್ಮ. ಮೇಜಿನ ಮೇಲಿಟ್ಟು ತೊಳೆದ್ರಾಯ್ತು.”

“ಕೂಸೇನು ಸೊಪ್ಪೇನೇ, ತೊಳೆಯೋಕೆ?”

ಅವಳು ನಗಲಿಲ್ಲ. ನರ್ಸುಗಳಿಗೆ ಒಂದು ದನಿಯಿರುತ್ತದೆ, ಆ ದನಿಯಲ್ಲಿ ಹೇಳಿದಳು: “ನೋಡಿ ದೊಡ್ಡಮ್ಮ, ಕಾಲ ಮೇಲೆ ಹಾಕ್ಲೇಬೇಕು ಅಂದ್ರೆ ಈ ಟಬ್ಬಿನೊಳಗೇ ಕೂರಬೇಕು. ನೀವು ಒಬ್ರೇ ಇದರಲ್ಲಿ ಕೂತು, ಒಬ್ರೇ ಎದ್ದು ಬಂದು ತೋರಿಸಿ. ಮಗು ಕೊಡ್ತೀನಿ. ಇಲ್ಲಾಂದ್ರೆ ಇಲ್ಲ ಕಣಮ್ಮ. ನೀವು ಜಾರಿದ್ರೆ ನಾನು ಇಬ್ರನ್ನೂ ಕಳಕೋತೀನಿ.”

ನಾನು ಸಾಕಿದ ಹುಡುಗಿ ನನಗೆ ಷರತ್ತು ಹಾಕಿದಳು. ಷರತ್ತು ನ್ಯಾಯವಾಗಿಯೇ ಇತ್ತು, ಅದೇ ಹೆಚ್ಚು ಕೆಣಕಿತು. ಮೂರನೆಯ ದಿನ ಅವಳು ತಾನು ಹೋಗುತ್ತಿದ್ದ ವ್ಯಾಯಾಮದ ತರಗತಿಗೆ ನನ್ನನ್ನೂ ಕರೆದುಕೊಂಡು ಹೋದಳು.

ಚರ್ಚಿನ ಹಿಂದಿನ ಹಾಲ್

ಆ ವ್ಯಾಯಾಮದ ಹೆಸರು ಪಿಲಾಟೀಸ್. ಕಡಲ ದಂಡೆಯ ರಸ್ತೆಯ ಹಿಂದೆ, ಒಂದು ಚರ್ಚಿನ ಹಾಲ್‌ನಲ್ಲಿ ನಡೆಯುತ್ತಿತ್ತು. ಬಂದವರಲ್ಲಿ ಬಸುರಿಯರು ಇಬ್ಬರು, ಉಳಿದವರೆಲ್ಲ ನನ್ನಂಥವರು. ಕಲಿಸುವವಳು ಬ್ರೆಂಡಾ, ನನಗಿಂತ ಸ್ವಲ್ಪ ಚಿಕ್ಕವಳಿರಬೇಕು, ತೆಳ್ಳಗೆ, ಬಿಳಿಗೂದಲನ್ನು ಗಂಡಸಿನಂತೆ ಕತ್ತರಿಸಿಕೊಂಡಿದ್ದಳು. ಬೇಕರಿಯಲ್ಲಿ ಹಿಟ್ಟಿನ ಮೂಟೆ ಎತ್ತಿ ಬೆನ್ನು ಹೋಗಿ, ಇದನ್ನು ಕಲಿತು, ಆಮೇಲೆ ಕಲಿಸಲು ನಿಂತವಳು. ಅವಳ ಇಂಗ್ಲಿಷ್ ಮೊದಮೊದಲು ನನಗೆ ಹಿಡಿಯುತ್ತಿರಲಿಲ್ಲ. ನಿಧಾನವಾಗಿ ಹೇಳಿದ್ದನ್ನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಬನ್ನಿ ಸರೋಜಾ” ಎಂದಳು.

ಅಮ್ಮ ಇಲ್ಲ, ಮೇಡಂ ಇಲ್ಲ, ಮಿಸ್ ಇಲ್ಲ. ನನ್ನನ್ನು ಹೀಗೆ ಬೋಳು ಹೆಸರಿನಿಂದ ಕೊನೆಯದಾಗಿ ಕರೆದವರು ನಮ್ಮ ತಂದೆ. ಪ್ರಮೀಳಾ ನನ್ನ ಮುಖ ನೋಡಿ, “ಇಲ್ಲಿ ಎಲ್ಲರನ್ನೂ ಹಂಗೇ ಕರೆಯೋದು, ಸುಮ್ನಿರಿ” ಎಂದು ಪಿಸುಗುಟ್ಟಿದಳು.

ಎಲ್ಲರೂ ಚಾಪೆ ಹಾಸಿ, ವೇದಿಕೆಯ ಕಡೆ ತಲೆ ಹಾಕಿ ಮಲಗಿದರು. ನಾನು ಕಿಟಕಿಯ ಬಿಸಿಲು ನೋಡಿ ಲೆಕ್ಕ ಹಾಕಿದೆ. ವೇದಿಕೆ ಇದ್ದದ್ದು ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಜೀವವಿರುವವರು ಮಲಗುತ್ತಾರೆಯೇ? ಸದ್ದಿಲ್ಲದೆ ಪ್ರಮೀಳಾಳ ತೋಳು ಹಿಡಿದು ಇಳಿದು, ತಿರುಗಿ ಮಲಗಿದೆ. ನನ್ನ ಪಾದಗಳು ಪಕ್ಕದ ಹೆಂಗಸಿನ ಕಿವಿಯ ಹತ್ತಿರ ಬಂದವು. ಬ್ರೆಂಡಾ, ಹೊಸಬಳಿಗೆ ತಿಳಿಯಲಿಲ್ಲವೆಂದುಕೊಂಡು, ನಗುತ್ತ ಬಂದು ನನ್ನ ಚಾಪೆಯನ್ನೇ ಹಿಡಿದು ನನ್ನ ಸಮೇತ ತಿರುಗಿಸತೊಡಗಿದಳು.

“ಬಿಡ್ರೀ!” ಎಂದೆ ಕನ್ನಡದಲ್ಲಿ. ಎಲ್ಲರೂ ತಲೆ ಎತ್ತಿದರು.

“ದೊಡ್ಡಮ್ಮ, ಇಲ್ಲಿ ಯಾರೂ ದಿಕ್ಕು ನೋಡಲ್ಲ” ಎಂದಳು ಪ್ರಮೀಳಾ, ಕೆಂಪಾಗಿ.

“ನೋಡದೆ ಹೋದ್ರೆ ಉತ್ತರ ದಕ್ಷಿಣ ಆಗ್ಬಿಡುತ್ತೇನೇ?”

ಪ್ರಮೀಳಾ ನಾಚಿಕೆಯಿಂದಲೇ ವಿವರಿಸಿದಳು: ನಮ್ಮಲ್ಲಿ ಹೆಣವನ್ನಷ್ಟೇ ಹಾಗೆ ಮಲಗಿಸುವುದು. ಬ್ರೆಂಡಾ ಒಂದು ಕುರ್ಚಿ ತಂದು ಹಾಕಿದಳು. ಆ ದಿನ ನಾನು ಕುರ್ಚಿಯ ಮೇಲೆ ಕೂತು ಉಸಿರಾಟವನ್ನಷ್ಟೇ ಮಾಡಿದೆ. ಅವಮಾನವಾಯಿತೆಂದು ತೀರ್ಮಾನಿಸಿ ಮನೆಗೆ ಬಂದೆ. ಮತ್ತೆ ಹೋಗುವುದಿಲ್ಲವೆಂದೂ ಹೇಳಿದೆ. ಆದರೆ ಟಬ್ಬು ಅಲ್ಲೇ ಇತ್ತು. ಪ್ರತಿ ಬೆಳಗ್ಗೆ ಅದರ ಮುಖ ನೋಡಬೇಕಾಗಿತ್ತು. ಹೋದೆ.

ಹಾಲ್‌ನ ಬಾಗಿಲು ತೆರೆದಾಗ ಅಷ್ಟೂ ಚಾಪೆಗಳು ಅಡ್ಡಲಾಗಿ ತಿರುಗಿದ್ದವು. ಎಲ್ಲರೂ ಪೂರ್ವಕ್ಕೆ ತಲೆ ಹಾಕಿ ಮಲಗಿದ್ದರು. ಬ್ರೆಂಡಾ ವೇದಿಕೆಯಿಂದ ಇಳಿದು ಪಕ್ಕದ ಗೋಡೆಯ ಬಳಿ ನಿಂತಿದ್ದಳು.

“ಪೂರ್ವ ಪರವಾಗಿಲ್ಲವೇ?” ಎಂದು ಕೇಳಿದಳು. “ನನ್ನ ಹತ್ತಿರ ದಿಕ್ಸೂಚಿ ಇಲ್ಲ, ಪಕ್ಕದ ಮನೆಯ ಮೀನುಗಾರನನ್ನು ಕೇಳಿದೆ.”

ಪೂರ್ವ ಬಹಳ ಒಳ್ಳೆಯದೆಂದು ಹೇಳಿದೆ. ನನ್ನ ಸೇವಾವಧಿಯಲ್ಲಿ, ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳದ ಒಬ್ಬ ಮುಖ್ಯೋಪಾಧ್ಯಾಯರನ್ನೂ ನಾನು ಕಂಡಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಯಾವಾಗಲೂ ಬಾಗಿಲ ಹಿಂದಿನದು, ಬಾಗಿಲು ತೆರೆದರೆ ನನಗೆ ತಾಗುತ್ತಿತ್ತು. ಇಲ್ಲಿ, ಗುರುತಿಲ್ಲದ ಊರಿನಲ್ಲಿ, ನನಗೋಸ್ಕರ ಒಂದು ತರಗತಿಯೇ ದಿಕ್ಕು ಬದಲಿಸಿತ್ತು. ಅಂದಿನಿಂದ ಅವಳು ಸರೋಜಾ ಎಂದು ಕರೆದದ್ದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟೆ.

ನಡುಗೆರೆ

ಕಲಿಕೆ ಸುಲಭವಾಗಿ ಒಗ್ಗಲಿಲ್ಲ. ನಾನು ಬೆಳೆದದ್ದೂ ಬೆಳೆಸಿದ್ದೂ ಸೀಟಿಯ ವ್ಯಾಯಾಮ: ಮೈದಾನ ತುಂಬ ಹುಡುಗಿಯರು, ಏಕ್ ದೋ ತೀನ್ ಚಾರ್, ಬೆವರು ಬರಬೇಕು, ದನಿ ಗುಡ್ಡಕ್ಕೆ ಕೇಳಬೇಕು. ಇಲ್ಲಿ ಸದ್ದೇ ಇಲ್ಲ. ಕಾಲನ್ನು ಇಷ್ಟೇ ಎತ್ತಬೇಕು, ಕೆಲವೇ ಸಲ, ಆದರೆ ಪ್ರತಿ ಸಲವೂ ಗಮನ ಅದರ ಮೇಲೇ ಇರಬೇಕು. ಗಮನ ತಪ್ಪಿದ ಚಲನೆ ಮಾಡಿದಂತೆಯೇ ಅಲ್ಲ ಎನ್ನುತ್ತಿದ್ದಳು ಬ್ರೆಂಡಾ. ಉಸಿರನ್ನು ಹೊಟ್ಟೆಗಲ್ಲ, ಪಕ್ಕೆಲುಬುಗಳು ಛತ್ರಿಯಂತೆ ಅಗಲವಾಗುವಂತೆ ಎಳೆದುಕೊಳ್ಳಬೇಕು. ಕಷ್ಟದ ಭಾಗ ಬಂದಾಗ ಬಿಡಬೇಕು. ಒಂದು ಚಲನೆ ಮುಗಿದದ್ದೂ ಮುಂದಿನದು ಆರಂಭವಾದದ್ದೂ ಕಾಣಬಾರದು. ಎಲ್ಲಕ್ಕೂ ಮೊದಲು ನಡು.

ಈ ನಡು ಎಂಬುದು ನನಗೆ ತಿಳಿಯಲೇ ಇಲ್ಲ. “ಹೊಕ್ಕುಳನ್ನು ಬೆನ್ನುಮೂಳೆಯ ಕಡೆಗೆ ತೆಗೆದುಕೊಳ್ಳಿ” ಎನ್ನುತ್ತಿದ್ದಳು. ನಾನು ಉಸಿರು ಹಿಡಿದು ಹೊಟ್ಟೆ ಒಳಕ್ಕೆಳೆದು ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಅವಳು ನನ್ನ ಗಲ್ಲದಿಂದ ಕಾಲಿನವರೆಗೆ ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು, “ಇದರ ಸುತ್ತ ಎಲ್ಲವೂ” ಎಂದಳು. ಥಟ್ಟನೆ ನನಗೆ ಶಿವಾರಪಟ್ಟಣ ಕಂಡಿತು. ನನ್ನ ಸೋದರಮಾವನ ಮನೆ ಅಲ್ಲಿತ್ತು. ಚಿಕ್ಕಂದಿನಲ್ಲಿ ಶಿಲ್ಪಿಗಳ ಕೊಟ್ಟಿಗೆಗಳ ಮುಂದೆ ಗಂಟೆಗಟ್ಟಲೆ ನಿಂತಿರುತ್ತಿದ್ದೆ. ವಿಗ್ರಹ ಕಡೆಯುವವರು ಉಳಿ ಇಡುವ ಮೊದಲು ಕಲ್ಲಿನ ಮೇಲೆ ನೆಟ್ಟಗೆ ಒಂದು ನಡುಗೆರೆ ಎಳೆಯುತ್ತಾರೆ. ಮೂಗು, ಹೊಕ್ಕುಳು, ಪಾದಗಳ ಸಂದು, ಎಲ್ಲವೂ ಆ ಗೆರೆಗೆ ಲೆಕ್ಕ. ದೇವರು ಎಷ್ಟೇ ಬಾಗಿ ಬಳುಕಿ ನಿಂತರೂ ಗೆರೆ ಅಲ್ಲಾಡುವುದಿಲ್ಲ.

ಆ ಗೆರೆಯನ್ನು ನೆನೆದು ಉಸಿರು ಬಿಟ್ಟೆ. ಹೊಟ್ಟೆ ತಾನಾಗಿಯೇ ಒಳಸರಿಯಿತು. ಬಸ್ಸಿನ ದಿನದಿಂದ ಮಾತಾಡದೆ ಮುನಿಸಿಕೊಂಡಿದ್ದ ಸೊಂಟ ಮೊದಲ ಬಾರಿಗೆ ಬಾಯಿ ಬಿಟ್ಟಿತು.

ಹಾಗೆಂದು ಎಲ್ಲವನ್ನೂ ಒಪ್ಪಿಕೊಂಡೆನೆಂದು ಯಾರೂ ತಿಳಿಯಬಾರದು. ಮಲಗಿ ಕಾಲುಗಳನ್ನು ತಲೆಯ ಹಿಂದಕ್ಕೆ ತರುವುದನ್ನು ಗಟ್ಟಿಮುಟ್ಟಾದವರಿಗೆ ಅವಳು ಹೇಳಿಕೊಟ್ಟಾಗ ನಾನು ಎದ್ದು ಕೂತೆ.

“ಇದು ಹಲಾಸನ. ನಮ್ಮದು.”

“ಇರಬಹುದು” ಎಂದಳು ಬ್ರೆಂಡಾ. “ಇದನ್ನು ಕಟ್ಟಿದಾತ ಯೋಗವನ್ನೂ ನೋಡಿದ್ದನಂತೆ. ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಎಲ್ಲ ಕಲಿತಿದ್ದ. ಬೆಕ್ಕುಗಳು ಮೈ ಮುರಿಯುವುದನ್ನು ನೋಡಿಯೂ ಕಲಿತ ಎನ್ನುತ್ತಾರೆ.”

“ಬೆಕ್ಕು ದೂರು ಕೊಡಲ್ಲ. ನಾನು ಕೊಡ್ತೀನಿ.”

“ಕೊಡಿ ಸರೋಜಾ. ಮೊದಲು ಉಸಿರು ಬಿಡಿ.”

ಬಿಡಲೇಬೇಕಾಯಿತು. ಉಸಿರು ಹಿಡಿದುಕೊಂಡು ಜಗಳವಾಡುವುದು ಎಷ್ಟು ಕಷ್ಟವೋ, ಬಿಟ್ಟುಕೊಂಡು ಆಡುವುದೂ ಅಷ್ಟೇ ಕಷ್ಟ.

ಒಂದು ದಿನ ಬ್ರೆಂಡಾ ಕೇಳಿದಳು, ನಾನು ಯಾವುದಕ್ಕಾಗಿ ಇಷ್ಟು ಪಟ್ಟು ಹಿಡಿದಿದ್ದೇನೆಂದು. ಹೇಳಿದರೆ ಅರ್ಥವಾಗಲಿಲ್ಲ. ಮುಂದಿನ ತರಗತಿಗೆ ರಾಗಿ ಹಿಟ್ಟಿನ ಚೀಲವನ್ನು ಒಯ್ದೆ. ಪ್ರಮೀಳಾಳ ಆಸರೆಯಿಂದ ಕೂತು, ಕಾಲು ಚಾಚಿ, ಚೀಲವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ನೀರು ಹಾಕಿ, ಮೂಗು ತೀಡಿ, ಬೋರಲು ಮಾಡಿ ಬೆನ್ನು ತಿಕ್ಕುವವರೆಗೆ ಎಲ್ಲವನ್ನೂ ಮಾಡಿ ತೋರಿಸಿದೆ. ಸ್ವಲ್ಪ ಹೊತ್ತಿಗೇ ಬೆನ್ನು ಕುಸಿಯಿತು. ಬ್ರೆಂಡಾ ನಗಲಿಲ್ಲ. ಚೀಲವನ್ನು ತನ್ನ ಕಾಲ ಮೇಲೆ ಹಾಕಿಕೊಂಡು ಕೂತಳು. ಬೆರಳುಗಳನ್ನು ಮೇಲಕ್ಕೆ ಮಾಡಿ, ಹಿಮ್ಮಡಿಯನ್ನು ಮುಂದಕ್ಕೆ ಒತ್ತಿ, ಬೆನ್ನನ್ನು ಎತ್ತರಿಸಿ, ಉಸಿರು ಬಿಡುತ್ತ ಚೀಲದ ಮೇಲೆ ಬಾಗಿದಳು.

“ಇದು ನಮ್ಮ ಪಾಠದಲ್ಲೇ ಇದೆ” ಎಂದಳು. “ಕೂತು ಬೆನ್ನು ಹಿಗ್ಗಿಸುವುದು. ನಿಮ್ಮ ಊರಿನ ಹೆಂಗಸರೆಲ್ಲ ಈ ವ್ಯಾಯಾಮ ಮಾಡುತ್ತಾರೆಯೇ?”

“ವ್ಯಾಯಾಮ ಅಲ್ಲ. ಸ್ನಾನ.”

“ಮಗು ಅಳುತ್ತದೆಯೇ?”

“ಅಳಲೇಬೇಕು. ಆಮೇಲೆ ನಿದ್ದೆ ಮಾಡುತ್ತೆ.”

“ಹಾಗಾದರೆ ನೀವು ಅಳಬಾರದು” ಎಂದು, ಮಾರನೆಯ ದಿನವೇ ಮನೆಗೆ ಬಂದಳು, ಟಬ್ಬು ನೋಡಲು. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಳು; ಇದನ್ನು ದಾಖಲಿಸದೆ ಬಿಡಲಾರೆ. ಉಟ್ಟ ಬಟ್ಟೆಯಲ್ಲೇ ಖಾಲಿ ಟಬ್ಬಿನೊಳಗೆ ಇಳಿದು ಕಾಲು ಚಾಚಿ ಕೂತು, ಎದ್ದು, ಮತ್ತೆ ಕೂತು, ಯಾವ ಕೈ ಎಲ್ಲಿ ಬರಬೇಕೆಂದು ತನ್ನ ಮೈಯಿಂದಲೇ ಕಂಡುಕೊಂಡಳು. ಜಾರದ ರಬ್ಬರ್ ಚಾಪೆ ತಂದಿದ್ದಳು. ಮಂಜುನಾಥ ಬಾಗಿಲಲ್ಲಿ ನಿಂತು, “ಅತ್ತೆ, ಇವ್ರನ್ನೇ ನೀರ್ಹಾಕೋಕೆ ಇಟ್ಕೊಂಡ್ಬಿಡೋಣ” ಎಂದ. ಅವನಿಗೆ ಕಾಫಿ ಮಾಡಲು ಹೇಳಿದೆ.

ಬೇಲಿಯಿದ್ದ ಬಯಲು

ಪ್ರಮೀಳಾಳಿಗೆ ತಿಂಗಳು ತುಂಬುವ ಮುನ್ನ ಒಂದು ಮಧ್ಯಾಹ್ನ ಬ್ರೆಂಡಾ ನನ್ನನ್ನು ದ್ವೀಪದ ಪಶ್ಚಿಮಕ್ಕೆ, ಪೀಲ್ ಎಂಬ ಊರಿನ ಪಕ್ಕದ ಬಯಲಿಗೆ ಕರೆದೊಯ್ದಳು. ನಮ್ಮ ವ್ಯಾಯಾಮ ಹುಟ್ಟಿದ ಜಾಗ ನೋಡಿ ಎಂದಳು. ನಾನು ಒಂದು ಮಂಟಪವನ್ನೋ ಕಲ್ಲಿನ ಕಟ್ಟಡವನ್ನೋ ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಹುಲ್ಲು, ಗಾಳಿ, ಕುರಿಗಳು. ಒಂದೊಂದು ಕುರಿಗೆ ನಾಲ್ಕು ಕೊಂಬು. ನಮ್ಮ ಕಡೆಯ ಕುರಿಯವರು ಇವನ್ನು ನೋಡಿದರೆ ಶಾಂತಿ ಮಾಡಿಸದೆ ಬಿಡುತ್ತಿರಲಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಆ ಬಯಲು ತುಂಬ ಮರದ ಗುಡಿಸಲುಗಳೂ ಮುಳ್ಳುತಂತಿಯ ಬೇಲಿಯೂ ಇದ್ದವಂತೆ. ಬ್ರಿಟನ್ನಿನಲ್ಲಿ ನೆಲೆಸಿದ್ದ ಜರ್ಮನ್ ಗಂಡಸರನ್ನು ಶತ್ರುದೇಶದವರೆಂದು ತಂದು ಇಲ್ಲಿ ಕೂಡಿಹಾಕಿದ್ದರು. ಅವರಲ್ಲಿ ಪಿಲಾಟೀಸ್ ಎಂಬ ಒಬ್ಬ, ಚಿಕ್ಕಂದಿನಲ್ಲಿ ಉಬ್ಬಸದಿಂದಲೂ ಎಲುಬಿನ ಕಾಯಿಲೆಯಿಂದಲೂ ಬಳಲಿ, ಹಟದಿಂದ ಮೈ ಬೆಳೆಸಿಕೊಂಡವನು. ಬೇಲಿಯೊಳಗೆ ಬೇರೆ ಕೆಲಸವೇನಿರುತ್ತದೆ? ಜೊತೆಯವರನ್ನು ದಿನವೂ ಎಬ್ಬಿಸಿ, ಚಾಪೆಯಷ್ಟು ಜಾಗದಲ್ಲಿ ಮಾಡಬಹುದಾದ ವ್ಯಾಯಾಮಗಳನ್ನು ಕಟ್ಟಿದ. ಅದಕ್ಕೆ ನಿಯಂತ್ರಣದ ವಿದ್ಯೆ ಎಂಬರ್ಥದ ಹೆಸರಿಟ್ಟ; ಮುಂದೆ ಅವನ ಹೆಸರೇ ಅದಕ್ಕೆ ನಿಂತಿತು. ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲೇ ಕೈಕಾಲು ಎಳೆದು ಬಿಡುವಂತೆ ಮಾಡಿದ ಎಂಬ ಕಥೆಯೂ ಇದೆ. ಯುದ್ಧದ ಎಷ್ಟೋ ವರ್ಷಗಳ ನಂತರ ಅಮೆರಿಕಕ್ಕೆ ಹೋದಾಗ ಅವನ ಬಳಿಗೆ ಪೆಟ್ಟಾದ ನರ್ತಕಿಯರು ಬರತೊಡಗಿದರು. ವಿದ್ಯೆ ಹಾಗೆ ಹಬ್ಬಿತು.

“ಸ್ಪ್ರಿಂಗಿನ ಕಥೆ ನಿಜವೇ?” ಎಂದು ಕೇಳಿದೆ. ನಾನು ಇಂಥದ್ದನ್ನು ಕೇಳದೆ ಬಿಡುವವಳಲ್ಲ.

“ಗೊತ್ತಿಲ್ಲ. ನನಗೆ ಕಲಿಸಿದವರು ಹೇಳಿದ್ದು, ಅವರಿಗೆ ಕಲಿಸಿದವರು ಹೇಳಿದ್ದು. ಆತ ಇಲ್ಲಿದ್ದದ್ದಂತೂ ನಿಜ.”

ಗಾಳಿಗೆ ನನ್ನ ಸೆರಗು ನಿಲ್ಲುತ್ತಿರಲಿಲ್ಲ. ಬ್ರೆಂಡಾ ತನ್ನ ಕೋಟಿನ ಬೆಲ್ಟನ್ನು ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದಳು. ಸೀರೆಯ ಮೇಲೆ ಬೆಲ್ಟು. ಮುಳಬಾಗಿಲಿನವರು ಯಾರೂ ನೋಡಲಿಲ್ಲ.

ಆ ಮನುಷ್ಯ ಮಾಡಿದ ತಪ್ಪೇನು ಎಂದು ಯೋಚಿಸಿದೆ. ಹುಟ್ಟಿದ ಊರು, ಅಷ್ಟೇ. ಅನ್ಯಾಯಗಳ ವಿಷಯದಲ್ಲಿ ನನಗೆ ಸ್ವಲ್ಪ ತಿಳಿವಳಿಕೆ ಇದೆ. ಇದು ದೊಡ್ಡ ಅನ್ಯಾಯವೇ. ಕೇಳಿದೆ: “ಅವನಿಗೆ ಸಿಟ್ಟು ಬರಲಿಲ್ಲವೇ? ಕೂಡಿಹಾಕಿದವರ ಮೇಲೆ?”

“ಬಂದಿರಲೇಬೇಕು” ಎಂದಳು ಬ್ರೆಂಡಾ. “ಸಿಟ್ಟಿಲ್ಲದವರು ಈ ಚಳಿಯಲ್ಲಿ ಬೆಳಗ್ಗೆ ಎದ್ದು ನೆಲದ ಮೇಲೆ ಮಲಗಿ ಕಾಲೆತ್ತುತ್ತಾರೆಯೇ? ನೀವೇ ಹೇಳಿ. ನೀವು ಯಾರ ಮೇಲಿನ ಸಿಟ್ಟಿಗೆ ಬರುತ್ತಿದ್ದೀರಿ?”

ಬೀಗಿತ್ತಿಯ ಮಾತನ್ನು ಹೇಳಿದೆ. ವೈದ್ಯರ ಮಾತು, ಕಂಡಕ್ಟರ್, ಬಾಗಿಲ ಹಿಂದಿನ ಕುರ್ಚಿ, ಎಲ್ಲವನ್ನೂ ಹೇಳಿದೆ. ಬಹಳ ಹೊತ್ತಾಯಿತು. ಅವಳು ಒಂದು ಸಲವೂ ‘ಮರೆತುಬಿಡಿ’ ಎನ್ನಲಿಲ್ಲ. ಜಗತ್ತಿನಲ್ಲಿ ನನಗೆ ಆ ಸಲಹೆ ಕೊಡದ ಒಬ್ಬಳೇ ವ್ಯಕ್ತಿ ಅವಳೆಂದು ಇಲ್ಲಿ ಕೃತಜ್ಞತೆಯಿಂದ ಬರೆಯುತ್ತೇನೆ.

“ಒಳ್ಳೆಯ ಸಿಟ್ಟು” ಎಂದಳು, ಕಾರಿನ ಬಾಗಿಲು ತೆಗೆಯುತ್ತ. “ನಾಳೆ ಟಬ್ಬಿನ ಅಂಚು ಹಿಡಿಯದೆ ಮಂಡಿಯೂರುವುದನ್ನು ನೋಡೋಣ.”

ಸ್ನಾನದ ಮನೆ

ಹೆಣ್ಣುಮಗು. ಹೆರಿಗೆ ಸುಸೂತ್ರವಾಯಿತು. ಹೊಕ್ಕುಳ ಬಳ್ಳಿ ಉದುರುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ್ದಷ್ಟೇ. ಆ ದಿನಗಳಲ್ಲಿ, ಎಲ್ಲರೂ ಮಲಗಿದ್ದ ಮಧ್ಯಾಹ್ನಗಳಲ್ಲಿ, ನಾನು ಖಾಲಿ ಟಬ್ಬಿನೊಳಗೆ ರಾಗಿ ಚೀಲಕ್ಕೆ ಸ್ನಾನ ಮಾಡಿಸುತ್ತಿದ್ದೆ. ಮೊಣಕಾಲು ಮಡಿಸಿ, ಪಕ್ಕಕ್ಕೆ ತಿರುಗಿ, ಮಂಡಿಯೂರಿ, ಒಂದು ಪಾದ ಊರಿ, ಉಸಿರು ಬಿಡುತ್ತ ಏಳುವುದು. ಎರಡು ಸಲ ಏಳಲಾಗದೆ ಹಾಗೇ ಕೂತಿದ್ದೆ. ಮಂಜುನಾಥನ ಹೆಜ್ಜೆ ಕೇಳಿ, ಸಾಬೂನು ಹುಡುಕುತ್ತಿರುವಂತೆ ನಟಿಸಿದೆ.

ಬಳ್ಳಿ ಉದುರಿದ ದಿನ ಪ್ರಮೀಳಾಳನ್ನು ಕರೆದು, ಅವಳ ಮುಂದೆ ಇಳಿದೆ, ಕೂತೆ, ಚೀಲವನ್ನು ಅವಳ ಕೈಗೆ ಕೊಟ್ಟು ಎದ್ದು ಹೊರಗೆ ಬಂದೆ. ಅವಳು ಹಿಟ್ಟಿನ ಚೀಲವನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ, “ನಾಳೆ ಬೆಳಗ್ಗೆ ನೀರು ಕಾಯಿಸ್ತೀನಿ” ಎಂದಳು.

ಮರುದಿನ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಟಬ್ಬಿನೊಳಗೆ ಕೂತೆ. ಪಕ್ಕದ ಸ್ಟೂಲಿನ ಮೇಲೆ ಬಕೆಟ್ಟು, ಚೊಂಬು. ಪ್ರಮೀಳಾ ಥರ್ಮಾಮೀಟರಿನಿಂದ ನೀರು ನೋಡಿದಳು, ನಾನು ಮೊಣಕೈಯಿಂದ ನೋಡಿದೆ; ಇಬ್ಬರಿಗೂ ಒಪ್ಪಿಗೆಯಾಯಿತು. ಮಂಜುನಾಥ ಮೊಬೈಲು ಹಿಡಿದು ನಿಂತಿದ್ದ. ಅದರೊಳಗೆ ಶ್ರೀನಿವಾಸಪುರದಿಂದ ಬೀಗಿತ್ತಿ.

ಪ್ರಮೀಳಾ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು. ರಾಗಿ ಚೀಲ ಒದೆಯುತ್ತಿರಲಿಲ್ಲ. ಇದು ಒದೆಯಿತು. ಚೀಲಕ್ಕಿಂತ ಹಗುರ, ಆದರೆ ಎಲ್ಲ ಕಡೆಯೂ ಜೀವ. ಮೊದಲ ಚೊಂಬಿನ ನೀರಿಗೆ ಬಾಯಿ ತೆರೆಯಿತು.

“ಅಯ್ಯೋ, ತಲೆ! ತಲೆ ಹಿಡ್ಕೊಳ್ಳಿ ಸರೋಜಮ್ಮ! ಮೆಲ್ಲಿಗೆ!” ಎಂದಿತು ಮೊಬೈಲು. “ಲೇ ಮಂಜಾ, ಸರಿಯಾಗಿ ತೋರ್ಸೋ, ಗೋಡೆ ತೋರಿಸ್ತೀಯಲ್ಲೋ!”

“ಬೀಗಿತ್ತಿಯವರೇ, ಉಸಿರು ಬಿಡಿ” ಎಂದೆ.

ಎಣ್ಣೆ ಹಚ್ಚಿದ ಮೈ ಕೈಯಲ್ಲಿ ಮೀನಿನಂತೆ ಜಾರುತ್ತಿತ್ತು. ಹಿಮ್ಮಡಿ ಒತ್ತಿ, ಬೆನ್ನು ಎತ್ತರಿಸಿ, ಬಾಗುವಾಗ ಉಸಿರು ಬಿಟ್ಟು, ತೊಡೆಯ ಸಂದು, ಕಂಕುಳು, ಕಿವಿಯ ಹಿಂದೆ, ಮೂಗಿನ ಏಣು. ಬೋರಲು ಮಾಡಿ ಬೆನ್ನಿಗೆ ನೀರು ಬಿದ್ದಾಗ ಅಳು ನಿಂತಿತು. ಕೂಸು ನನ್ನ ಪಾದಗಳ ಕಡೆ ಮುಖ ಮಾಡಿ, ಏನನ್ನೋ ಯೋಚಿಸುತ್ತಿರುವಂತೆ ಸುಮ್ಮನಾಯಿತು. ಮೊಬೈಲಿನಿಂದ ಬೀಗಿತ್ತಿ, ಸಣ್ಣ ದನಿಯಲ್ಲಿ, “ಚೆನ್ನಾಗ್ ಹಾಕಿದ್ರಿ ಸರೋಜಮ್ಮ” ಎಂದರು. ಅದನ್ನೂ ನಾನು ಮರೆಯುವುದಿಲ್ಲ.

ಪ್ರಮೀಳಾ ಟವಲಿನಲ್ಲಿ ಕೂಸನ್ನು ಬಾಚಿಕೊಂಡು ಓಡಿದಳು, ಮಂಜುನಾಥ ಮೊಬೈಲು ಹಿಡಿದುಕೊಂಡು ಅವಳ ಹಿಂದೆ ಓಡಿದ, ಬೀಗಿತ್ತಿ ಅವನ ಕೈಯಲ್ಲಿ ಕೂಗುತ್ತ ಹೋದರು. ಸ್ನಾನದ ಮನೆಯಲ್ಲಿ ನಾನೊಬ್ಬಳೇ ಉಳಿದೆ. ನೀರು ತೂತಿನಲ್ಲಿ ಗುಳುಗುಳು ಇಳಿಯುತ್ತಿತ್ತು. ನನ್ನ ಕಾಲುಗಳು ಕೆಂಪಗೆ, ಎಣ್ಣೆಯಿಂದ ಹೊಳೆಯುತ್ತ, ಇನ್ನೂ ಚಾಚಿಕೊಂಡೇ ಇದ್ದವು.

ಯಾರಾದರೂ ತಿರುಗಿ ನೋಡುತ್ತಾರೆಂದು ಒಂದು ಕ್ಷಣ ಕಾದೆ. ಆಮೇಲೆ ಮೊಣಕಾಲು ಮಡಿಸಿದೆ. ಪಕ್ಕಕ್ಕೆ ತಿರುಗಿದೆ. ಮಂಡಿಯೂರಿ, ಪಾದ ಊರಿ, ಉಸಿರು ಬಿಟ್ಟೆ. ಮೇಲೆ ಬಂದೆ. ಒದ್ದೆ ಸೀರೆ ಟಬ್ಬಿನ ಅಂಚಿಗೆ ಒಂದು ಸಲ ಅಂಟಿಕೊಂಡು ಬಿಟ್ಟಿತು.

ಒಳಗಿನಿಂದ ಪ್ರಮೀಳಾ ಕೂಗಿದಳು: “ದೊಡ್ಡಮ್ಮಾ! ಟೊಪ್ಪಿ ಎಲ್ಲಿಟ್ರಿ? ಬೇಗ ತಗೊಂಡ್ಬನ್ನಿ, ನಡುಗ್ತಾ ಇದೆ!”

“ಬಂದೆ ಕಣೇ” ಎಂದು, ಸೆರಗು ಹಿಂಡಿಕೊಳ್ಳುತ್ತ, ಟೊಪ್ಪಿ ತೆಗೆದುಕೊಂಡು ಹೋದೆ.